ಸೋರದ ಸೋರಿಕೆ: ಹಳೇ ಕ್ವಾಲಿಸ್ ಒಂದರ ಬೆಳಗಿನ ಹಠ

ದೂರು ಇಷ್ಟೇ. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿರಲಿಲ್ಲ. ಹತ್ತು ಸೆಕೆಂಡ್ ಸೆಲ್ಫ್ ಹೊಡೆದರೂ ಇಂಜಿನ್ ಸುಮ್ನೆ ತಿರುಗುತ್ತಿತ್ತು, ಹಿಡಿಯುತ್ತಿರಲಿಲ್ಲ. ಮೂರನೆಯದೋ ನಾಲ್ಕನೆಯದೋ ಸಲಕ್ಕೆ ಒಂದು ಕೆಮ್ಮು, ಎರಡು ಕೆಮ್ಮು, ಆಮೇಲೆ ಇಡೀ ಬಾಡಿ ನಡುಗಿಸಿಕೊಂಡು ಏಳುತ್ತಿತ್ತು. ಅರ್ಧ ನಿಮಿಷದಲ್ಲಿ ಎಲ್ಲ ಸರಿ. ಅಲ್ಲಿಂದ ಮುಂದೆ ದಿನವಿಡೀ ಕೀಲಿ ಮುಟ್ಟಿದರೆ ಸಾಕು, ಸ್ಟಾರ್ಟ್. ಎಳೆತ ಕಡಿಮೆಯಾಗಿರಲಿಲ್ಲ, ಮೈಲೇಜ್ ಇಳಿದಿರಲಿಲ್ಲ. ಗಾಡಿಯ ಕೆಳಗೆ ಒಂದು ಹನಿ ಎಣ್ಣೆ ಬಿದ್ದಿರಲಿಲ್ಲ.

ಇದು ಶುರುವಾದದ್ದು 2023ರ ಮೇ ಕೊನೆಯಲ್ಲಿ. ಸರಿಯಾದದ್ದು ಜುಲೈ ಮಧ್ಯದಲ್ಲಿ. ನಡುವಿನ ಏಳು ವಾರಗಳಲ್ಲಿ ನಾನು ಮಾಡಿದ ತಪ್ಪುಗಳನ್ನೂ ಬಿಡದೆ ಬರೆಯುತ್ತಿದ್ದೇನೆ. ಹಳೇ ಡೀಸೆಲ್ ಗಾಡಿ ಇಟ್ಟುಕೊಂಡವರಿಗೆ ಸರಿಯಾದ ಉತ್ತರಕ್ಕಿಂತ ಆ ತಪ್ಪುಗಳೇ ಜಾಸ್ತಿ ಉಪಯೋಗಕ್ಕೆ ಬರಬಹುದು.

ಗಾಡಿ 2003ರ ಟೊಯೊಟಾ ಕ್ವಾಲಿಸ್. ಬಿಡದಿಯಲ್ಲಿ ತಯಾರಾಗಿ 2000ದಲ್ಲಿ ಮಾರುಕಟ್ಟೆಗೆ ಬಂದ ಈ ಮಾದರಿ 2005ರಲ್ಲಿ ಇನ್ನೋವಾಗೆ ಜಾಗ ಬಿಟ್ಟುಕೊಟ್ಟಿತು. ಒಳಗಿರುವುದು 2446 ಸಿಸಿಯ 2ಎಲ್ ಇಂಜಿನ್. ಟರ್ಬೊ ಇಲ್ಲ, ಕಂಪ್ಯೂಟರ್ ಇಲ್ಲ, ಕಾಮನ್ ರೈಲ್ ಇಲ್ಲ. ಒಂದು ರೋಟರಿ ಡೀಸೆಲ್ ಪಂಪ್, ಡೀಸೆಲ್ ಸಿಂಪಡಿಸುವ ನಾಲ್ಕು ನಾಝಲ್, ಸ್ಟಾರ್ಟ್ ಮಾಡುವ ಮೊದಲು ಸಿಲಿಂಡರ್ ಒಳಗೆ ಬಿಸಿ ಮಾಡುವ ನಾಲ್ಕು ಹೀಟರ್ ಪ್ಲಗ್, ಅಷ್ಟೇ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವನು. ಭಾನುವಾರ ಸ್ಪಾನರ್ ಹಿಡಿಯುವ ಚಟ. ನನ್ನಂಥವರ ಕೈಗೆ ಎಟಕುವ ಕೊನೆಯ ತಲೆಮಾರಿನ ಇಂಜಿನ್ ಇದು ಅಂತಲೇ 2017ರಲ್ಲಿ ಕೊಂಡಿದ್ದೆ.

2023ರಲ್ಲಿ ಬೇಗ ರಿಪೇರಿ ಮಾಡುವ ಅವಸರಕ್ಕೆ ಇನ್ನೊಂದು ಕಾರಣವೂ ಇತ್ತು. 15 ವರ್ಷ ತುಂಬಿದ ಗಾಡಿಗೆ ಐದೈದು ವರ್ಷಕ್ಕೆ ಆರ್‌ಸಿ (ನೋಂದಣಿ ಪತ್ರ) ನವೀಕರಿಸಬೇಕಲ್ಲ, 2018ರಲ್ಲಿ ಮಾಡಿಸಿದ್ದು 2023ರ ಆಗಸ್ಟ್‌ಗೆ ಮುಗಿಯುತ್ತಿತ್ತು. ಕಾರಿಗೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್ 1ರಿಂದ 5000 ಆಗಿತ್ತು. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿಗೆ ಆಗ ಇದ್ದ ನಿರ್ಬಂಧ ನಮ್ಮಲ್ಲಿರಲಿಲ್ಲ, ಪುಣ್ಯ. ಆದರೆ ಇನ್‌ಸ್ಪೆಕ್ಟರ್ ಎದುರು ಸ್ಟಾರ್ಟ್ ಆಗದ ಗಾಡಿಯನ್ನು ಒಯ್ದು ನಿಲ್ಲಿಸಲು ಆಗುತ್ತದೆಯೇ?

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ, ಬ್ಯಾಟರಿ ಬದಲಾಯಿಸಿದೆ. ಐದು ವರ್ಷದ ಬ್ಯಾಟರಿ, ಹೇಗೂ ಆಯುಷ್ಯ ಮುಗಿದಿತ್ತು ಎಂದು ಸಮಾಧಾನ ಮಾಡಿಕೊಂಡೆ. ಹೊಸ ಬ್ಯಾಟರಿಯಲ್ಲಿ ಇಂಜಿನ್ ಚುರುಕಾಗಿ ತಿರುಗಿತು. ಚುರುಕಾಗಿ ತಿರುಗಿ, ಸ್ಟಾರ್ಟ್ ಆಗದೆ ನಿಂತಿತು.

ಆಮೇಲೆ ಹೀಟರ್ ಪ್ಲಗ್. ಮೇಲಿನ ಪಟ್ಟಿ ಬಿಚ್ಚಿ ಒಂದೊಂದೇ ಪ್ಲಗ್ಗಿಗೆ ಮಲ್ಟಿಮೀಟರ್ ಹಿಡಿದೆ. ಒಳ್ಳೆಯ ಪ್ಲಗ್ ಒಂದು ಓಮ್ ಆಸುಪಾಸು, ಹೆಚ್ಚಾಗಿ ಅದಕ್ಕಿಂತ ಕಡಿಮೆ ತೋರಿಸಬೇಕು. ಮೂರು ಹಾಗೆಯೇ ತೋರಿಸಿದವು. ನಾಲ್ಕನೆಯದು ಪೂರ್ತಿ ಸತ್ತಿತ್ತು. ಸಿಕ್ಕಿತಲ್ಲ ಕಳ್ಳ ಅಂತ ಕುಣಿದಾಡುವುದೊಂದು ಬಾಕಿ! ನಾಲ್ಕನ್ನೂ ಹೊಸದು ಹಾಕಿದೆ. ಮರುದಿನ ಬೆಳಿಗ್ಗೆ ಅದೇ ರಾಗ. ಸ್ವಲ್ಪ ಯೋಚಿಸಿದ್ದರೆ ಆಗಲೇ ತಿಳಿಯಬೇಕಿತ್ತು. ಉಡುಪಿಯ ಮೇ ತಿಂಗಳ ಬೆಳಗು ಅಂದರೆ ಬೆವರಿಳಿಯುವ ಸೆಕೆ. ಸುಮಾರು 22ಕ್ಕೆ 1ರಂತೆ ಗಾಳಿಯನ್ನು ಒತ್ತಿ ಬಿಸಿ ಮಾಡುವ ಇಂಜಿನ್ ಅಂಥ ಹವೆಯಲ್ಲಿ ಒಂದು ಪ್ಲಗ್ ಸತ್ತರೆ ಒಂದು ಸಿಲಿಂಡರಿನಲ್ಲಿ ಕೆಮ್ಮುತ್ತದೆ, ಮಿಕ್ಕ ಮೂರರಲ್ಲಿ ಎದ್ದು ನಿಲ್ಲುತ್ತದೆ. ನಾಲ್ಕೂ ಸುಮ್ಮನಿರುವುದಿಲ್ಲ. ಸತ್ತ ಪ್ಲಗ್ ನಿಜವಾದ ದೋಷವೇ ಆಗಿತ್ತು, ಆದರೆ ನಾನು ಹುಡುಕುತ್ತಿದ್ದ ದೋಷ ಅದಲ್ಲ. ಇಪ್ಪತ್ತು ವರ್ಷದ ಗಾಡಿಯಲ್ಲಿ ಇದೊಂದು ದೊಡ್ಡ ತೊಂದರೆ. ಎಲ್ಲಿ ಕೈ ಹಾಕಿದರೂ ಏನಾದರೊಂದು ಕೆಟ್ಟದ್ದು ಸಿಗುತ್ತದೆ.

ಮೂರನೆಯದು ನಾಝಲ್. ನಾಲ್ಕನ್ನೂ ಬಿಚ್ಚಿ ಮಂಗಳೂರಿನ ಒಂದು ಡೀಸೆಲ್ ಪಂಪ್ ಅಂಗಡಿಗೆ ಒಯ್ದೆ. ಅವರು ಪ್ರೆಷರ್ ಹಾಕಿ, ಸ್ಪ್ರೇ ನೋಡಿ, ನಾಲ್ಕೂ ಚೆನ್ನಾಗಿವೆ ಅಂತ ವಾಪಸ್ ಕೊಟ್ಟರು. ಹೊಸ ಕಾಪರ್ ವಾಷರ್ ಹಾಕಿ ಕೂರಿಸಿದೆ. ಬದಲಾವಣೆ ಇಲ್ಲ.

ಅಷ್ಟರಲ್ಲಿ ಸಲಹೆಗಳ ಮಳೆ ಬೇರೆ. ಒಬ್ಬರು ಏರ್ ಫಿಲ್ಟರ್ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿ ಅಂದರು, ಇನ್ನೊಬ್ಬರು ಈಥರ್ ಸ್ಪ್ರೇ ಹೊಡಿ ಅಂದರು. ದಯವಿಟ್ಟು ಇವೆರಡನ್ನೂ ಮಾಡಬೇಡಿ. ಹೀಟರ್ ಪ್ಲಗ್ ಇರುವ ಇಂಜಿನ್ನಿಗೆ ಅದು ಬೆಂಕಿಯ ಜೊತೆ ಆಟ. ಹೊತ್ತಿಕೊಳ್ಳಬಾರದ ಹೊತ್ತಿಗೆ ಹೊತ್ತಿಕೊಂಡು ಪಿಸ್ಟನ್, ರಿಂಗ್ ಒಡೆಯಬಹುದು. ಒಂದು ಗ್ಯಾರೇಜಿನಲ್ಲಿ ಗಾಡಿ ನೋಡುವ ಮೊದಲೇ “ಪಂಪ್ ಹೋಗಿದೆ, ಬಿಚ್ಚಬೇಕು, ಇಪ್ಪತ್ತು ಸಾವಿರ ಇಟ್ಟುಕೊಳ್ಳಿ” ಅಂದರು. ನಾನು ಗಾಡಿ ತಿರುಗಿಸಿಕೊಂಡು ಬಂದೆ.

ದಾರಿ ತೋರಿಸಿದ್ದು ಹೆಂಡತಿ. ಒಂದು ಬೆಳಿಗ್ಗೆ ನಾನು ಸೆಲ್ಫ್ ಹೊಡೆಯುತ್ತಿದ್ದಾಗ ಅವಳು ಹೂ ಕೊಯ್ಯುತ್ತಾ ಗಾಡಿಯ ಹಿಂದೆ ನಿಂತಿದ್ದಳು. “ಮೊದಲೆಲ್ಲ ಸ್ಟಾರ್ಟ್ ಮಾಡುವಾಗ ದಾಸವಾಳದ ಮೇಲೆಲ್ಲ ಹೊಗೆ ಬಿಡ್ತಿತ್ತು. ಈಗ ಹೊಗೆಯೇ ಇಲ್ಲಲ್ಲ” ಅಂದಳು. ನಾನು ಕೀಲಿ ಬಿಟ್ಟು ಹಾಗೇ ಕೂತೆ.

ಡೀಸೆಲ್ ಇಂಜಿನ್ ಸ್ಟಾರ್ಟ್ ಆಗದಿದ್ದಾಗ ಮೊದಲು ನೋಡಬೇಕಾದದ್ದು ಸೈಲೆನ್ಸರ್ ಬಾಯಿ. ಸೆಲ್ಫ್ ಹೊಡೆಯುವಾಗ ಬಿಳಿ ಅಥವಾ ಬೂದು ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ ಅಂತ ಅರ್ಥ. ಆಗ ಹೀಟರ್, ಕಂಪ್ರೆಷನ್, ಟೈಮಿಂಗ್ ಕಡೆ ಹೋಗಬೇಕು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ತಲುಪುತ್ತಿಲ್ಲ. ಇದು ನನಗೆ ಗೊತ್ತಿರದ ವಿಷಯವೇನಲ್ಲ. ಆದರೆ ಸೀಟಿನಲ್ಲಿ ಕೂತವನಿಗೆ ಸೈಲೆನ್ಸರ್ ಕಾಣುವುದಿಲ್ಲವಲ್ಲ. ನಾಲ್ಕು ವಾರ ಮತ್ತು ಬ್ಯಾಟರಿ ಸೇರಿ ಹತ್ತು ಸಾವಿರಕ್ಕೂ ಮೇಲೆ ಖರ್ಚಾದ ಮೇಲೆ ಹೂವಿನ ಬುಟ್ಟಿ ಹಿಡಿದವಳು ಅದನ್ನು ಹೇಳಬೇಕಾಯಿತು.

ಡೀಸೆಲ್ ಹೇಗೆ ತಲುಪುತ್ತದೆ ಅನ್ನುವುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಇಡೀ ಪ್ರಕರಣ ನಿಂತಿರುವುದೇ ಅದರ ಮೇಲೆ. ಈ ಇಂಜಿನ್ನಿಗೆ ಟ್ಯಾಂಕಿನಲ್ಲಿ ಮೋಟರ್ ಇಲ್ಲ. ಬಾನೆಟ್ಟಿನೊಳಗಿನ ಪಂಪ್ ತಾನೇ ಟ್ಯಾಂಕಿನಿಂದ ಡೀಸೆಲ್ ಹೀರಿಕೊಳ್ಳುತ್ತದೆ, ಎಳನೀರಿಗೆ ಸ್ಟ್ರಾ ಹಾಕಿ ಕುಡಿದ ಹಾಗೆ. ಅಂದರೆ ಟ್ಯಾಂಕಿನಿಂದ ಪಂಪಿನವರೆಗಿನ ಪೈಪು, ಹೋಸು, ಫಿಲ್ಟರ್ ಎಲ್ಲದರೊಳಗೂ ಇರುವುದು ಎಳೆತ, ಒತ್ತಡ ಅಲ್ಲ. ಸ್ಟ್ರಾದಲ್ಲಿ ಸೂಜಿಯಷ್ಟು ತೂತಿದ್ದರೆ ಎಳನೀರು ಹೊರಗೆ ಚೆಲ್ಲುವುದಿಲ್ಲ, ಗಾಳಿ ಒಳಗೆ ಬರುತ್ತದೆ. ಇಲ್ಲೂ ಹಾಗೆಯೇ. ಸೋರಿಕೆ ಇದೆ, ಆದರೆ ಸೋರುವುದಿಲ್ಲ. ಗಾಡಿ ನಿಂತಾಗ ಆ ತೂತಿನಿಂದ ನಿಧಾನಕ್ಕೆ ಗಾಳಿ ಸೇರಿ ಪೈಪಿನ ಡೀಸೆಲ್ ಟ್ಯಾಂಕಿಗೆ ಇಳಿದು ಹೋಗುತ್ತದೆ. ಬೆಳಿಗ್ಗೆ ಪಂಪ್ ಎಳೆಯುವುದು ಬರೀ ಗಾಳಿ. ಗಾಳಿಯನ್ನು ಎಷ್ಟು ಒತ್ತಿದರೂ ಅದು ಕುಗ್ಗುತ್ತದೆಯೇ ಹೊರತು ನೂರು ಬಾರ್ ಒತ್ತಡಕ್ಕೂ ಮೇಲೆ ತೆರೆಯುವ ನಾಝಲ್ಲನ್ನು ತೆರೆಸಲಾರದು. ಒಮ್ಮೆ ಡೀಸೆಲ್ ಬಂತೆಂದರೆ ಮತ್ತೆ ತೊಂದರೆ ಇಲ್ಲ. ಓಡುವಾಗ ಬರುವ ಸಣ್ಣ ಗುಳ್ಳೆಗಳನ್ನು ಪಂಪ್ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಕಳಿಸುತ್ತದೆ.

ಪರೀಕ್ಷೆ ಮಾಡಲು ಸ್ಪಾನರ್ ಕೂಡ ಬೇಡ. ಫಿಲ್ಟರಿನ ತಲೆಯ ಮೇಲೆ ಒಂದು ಹ್ಯಾಂಡ್ ಪಂಪ್ ಇದೆ. ಮರುದಿನ ಬೆಳಿಗ್ಗೆ ಕೀಲಿ ಮುಟ್ಟುವ ಮೊದಲು ಅದನ್ನು ಒತ್ತಿದೆ. ಮೊದಲ ಇಪ್ಪತ್ತು ಸಲ ಹತ್ತಿ ಒತ್ತಿದ ಹಾಗೆ ಮೆತ್ತಗೆ. ಆಮೇಲೆ ಗಟ್ಟಿಯಾಯಿತು. ಕೀಲಿ ತಿರುಗಿಸಿದರೆ ಅರ್ಧ ಸುತ್ತಿಗೆ ಸ್ಟಾರ್ಟ್, ದಾಸವಾಳಕ್ಕೆ ಹೊಗೆ.

ಹಾಗಾದರೆ ಗಾಳಿ ಬರುತ್ತಿದೆ, ಎಲ್ಲಿಂದ? ಎರಡನೆಯ ದೊಡ್ಡ ತಪ್ಪು ಮಾಡಿದ್ದು ಇಲ್ಲಿ. ಹ್ಯಾಂಡ್ ಪಂಪ್ ಬಿಚ್ಚಿದಾಗ ಅದರ ರಬ್ಬರ್ ಓ ರಿಂಗ್ ಬಳೆಯ ಹಾಗೆ ಗಟ್ಟಿಯಾಗಿತ್ತು. ಹೊಸದು ಹಾಕಿದೆ. ಅದೇ ಸಂಜೆ ಕೊಲ್ಲೂರಿಗೆ ಹೋಗುವುದಿತ್ತು, ಟ್ಯಾಂಕ್ ಫುಲ್ ಮಾಡಿಸಿದೆ. ಮರುದಿನದಿಂದ ಗಾಡಿ ಚಿನ್ನ. ಐದು ದಿನ ಒಂದೇ ಸಲಕ್ಕೆ ಸ್ಟಾರ್ಟ್. ಆಫೀಸಿನಲ್ಲಿ ಎಲ್ಲರಿಗೂ ಓ ರಿಂಗಿನ ಕಥೆ ಹೇಳಿ ಮುಗಿಸಿದೆ. ಆರನೆಯ ದಿನ ಎರಡು ಸಲ ಬೇಕಾಯಿತು. ಒಂಬತ್ತನೆಯ ದಿನ ನಾಲ್ಕು ಸಲ.

ಆಗ ಒಂದು ನೋಟ್‌ಬುಕ್ ಇಟ್ಟೆ. ಎಷ್ಟು ಸಲ ಸೆಲ್ಫ್, ಎಷ್ಟು ಗಂಟೆ ನಿಂತಿತ್ತು, ಮಳೆ ಇತ್ತೋ ಇಲ್ಲವೋ, ಟ್ಯಾಂಕಿನ ಮುಳ್ಳು ಎಲ್ಲಿ. ಮಳೆಗೂ ಇದಕ್ಕೂ ಸಂಬಂಧ ಕಾಣಲಿಲ್ಲ. ಟ್ಯಾಂಕಿಗೆ ಕಂಡಿತು. ಅರ್ಧಕ್ಕಿಂತ ಮೇಲಿದ್ದರೆ ತೊಂದರೆ ಕಡಿಮೆ, ಕಾಲಿಗೆ ಇಳಿದರೆ ಜಾಸ್ತಿ. ಓ ರಿಂಗಿಗೆ ಕೊಟ್ಟ ಶಹಬ್ಬಾಸ್‌ಗಿರಿ ಅಸಲಿಗೆ ಫುಲ್ ಟ್ಯಾಂಕಿಗೆ ಸಲ್ಲಬೇಕಾಗಿತ್ತು. ಎರಡನ್ನೂ ಒಂದೇ ದಿನ ಮಾಡಿದ್ದರಿಂದ ನನಗೆ ಗೊತ್ತಾಗಲಿಲ್ಲ.

ಆದರೆ ಒಂದು ದಿನ ಲೆಕ್ಕ ತಪ್ಪಿತು. ಕಾಪುವಿನಲ್ಲಿ ದೊಡ್ಡಮ್ಮನ ಮನೆಗೆ ಹೋಗಿ ರಾತ್ರಿ ಅಲ್ಲೇ ಉಳಿದಿದ್ದೆವು. ಮುಳ್ಳು ಕಾಲಿಗಿಂತ ಕೆಳಗೆ. ಬೆಳಿಗ್ಗೆ ಹ್ಯಾಂಡ್ ಪಂಪ್ ಒತ್ತಲು ಬಾನೆಟ್ ಎತ್ತಬೇಕು ಅಂದುಕೊಂಡೇ ಹೋದವನು ಮರೆತು ಕೀಲಿ ತಿರುಗಿಸಿಬಿಟ್ಟೆ. ಒಂದೇ ಸಲಕ್ಕೆ ಸ್ಟಾರ್ಟ್. ಇಳಿದು ಸುತ್ತ ನೋಡಿದೆ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಹಾಗೆ ಅದೂ ರಸ್ತೆಗಿಂತ ತಗ್ಗಿನಲ್ಲಿದೆ. ಗಾಡಿ ಅಂಗಳಕ್ಕೆ ಇಳಿದು ಮೂಗು ಕೆಳಗೆ ಮಾಡಿ ನಿಂತಿತ್ತು. ಮಣಿಪಾಲದ ನಮ್ಮ ಮನೆ ಗುಡ್ಡದ ಮೇಲೆ. ರಸ್ತೆಯಿಂದ ಪೋರ್ಟಿಕೋಗೆ ಏರು. ಅಲ್ಲಿ ಪ್ರತಿ ರಾತ್ರಿ ಗಾಡಿ ಮೂಗು ಮೇಲೆ ಮಾಡಿಯೇ ನಿಲ್ಲುತ್ತದೆ.

ಟ್ಯಾಂಕ್ ಇರುವುದು ಇಂಜಿನ್ನಿಗಿಂತ ಹಿಂದೆ, ಕೆಳಗೆ. ಮೂಗು ಮೇಲಾದರೆ ಪೈಪಿನ ಮುಂದಿನ ಭಾಗ ಟ್ಯಾಂಕಿನ ಡೀಸೆಲ್ ಮಟ್ಟಕ್ಕಿಂತ ಇನ್ನೂ ಎತ್ತರಕ್ಕೆ ಹೋಗುತ್ತದೆ. ಡೀಸೆಲ್ ಹಿಂದಕ್ಕೆ ಇಳಿಯಲು ಅಷ್ಟು ಸಾಕು. ಟ್ಯಾಂಕ್ ತುಂಬಿದ್ದರೆ ಅಥವಾ ಮೂಗು ಕೆಳಗಿದ್ದರೆ ತೂತಿನ ಜಾಗ ಡೀಸೆಲ್ ಮಟ್ಟದ ಕೆಳಗೆ ಮುಳುಗುತ್ತದೆ, ಗಾಳಿಗೆ ದಾರಿ ಇಲ್ಲ. ನೋಟ್‌ಬುಕ್ಕಿಗೆ “ಮೂಗು” ಅಂತ ಇನ್ನೊಂದು ಕಾಲಂ ಸೇರಿತು. ಬೇಕಂತಲೇ ಒಂದು ರಾತ್ರಿ ರಿವರ್ಸ್‌ನಲ್ಲಿ ಹತ್ತಿಸಿ ನಿಲ್ಲಿಸಿದೆ. ಬೆಳಿಗ್ಗೆ ಸರಾಗವಾಗಿ ಸ್ಟಾರ್ಟ್. ಮರುದಿನ ಮಾಮೂಲಿನಂತೆ ನಿಲ್ಲಿಸಿದೆ, ನಾಲ್ಕು ಸಲ.

ಹಾಗಾದರೆ ರಿವರ್ಸ್‌ನಲ್ಲೇ ನಿಲ್ಲಿಸಿದರಾಯಿತಲ್ಲ ಅಂತ ಭಾವ ನಕ್ಕ. ನಕ್ಕವನೇ ಮಲ್ಪೆಯಲ್ಲಿ ಅವನಿಗೆ ಪರಿಚಯದ ಒಬ್ಬ ಬೋಟ್ ಮೆಕ್ಯಾನಿಕ್ ಹತ್ತಿರ ಕರೆದುಕೊಂಡು ಹೋದ. ಜುಲೈ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಬೋಟುಗಳೆಲ್ಲ ಬಂದರಿನ ದಕ್ಕೆಯಲ್ಲಿ ಒತ್ತೊತ್ತಾಗಿ ನಿಂತಿದ್ದವು. ಎಲ್ಲಿ ನೋಡಿದರೂ ಬಿಚ್ಚಿಟ್ಟ ಇಂಜಿನ್. ಅವರಿಗೆ ಪುರುಸೊತ್ತು ಇರಲಿಲ್ಲ, ಆದರೂ ನೋಟ್‌ಬುಕ್ ಓದಿದರು. ಓದಿ ಗಾಡಿ ಕೂಡ ನೋಡದೆ ಹೇಳಿದರು: “ಏರ್ ಎಳೀತಾ ಉಂಟು ಮಾರ್ರೆ. ಬೋಟಲ್ಲಿ ನಮಗೆ ದಿನಾ ಇದೇ. ಹಾರ್ಡ್‌ವೇರ್ ಅಂಗಡಿಯಿಂದ ಒಂದು ಮೀಟರ್ ಬಿಳಿ ಪೈಪ್ ತನ್ನಿ.”

ಬಿಳಿ ಪೈಪ್ ಅಂದರೆ ಒಳಗೆ ಹರಿಯುವುದು ಹೊರಗಿನಿಂದ ಕಾಣುವ ಪಿವಿಸಿ ಟ್ಯೂಬ್. ಫಿಲ್ಟರ್ ಮತ್ತು ಪಂಪ್ ನಡುವಿನ ಕಪ್ಪು ಹೋಸ್ ತೆಗೆದು ಅದರ ಜಾಗಕ್ಕೆ ಇದನ್ನು ಹಾಕಿದರು. ಇಂಜಿನ್ ಸ್ಟಾರ್ಟ್ ಮಾಡಿದರೆ ಒಳಗೆ ಸಾಲಾಗಿ ಗುಳ್ಳೆ, ಸೋಡಾ ಬಾಟಲಿಯ ಹಾಗೆ. ಏಳು ವಾರದಿಂದ ನಾನು ಊಹೆ ಮಾಡುತ್ತಿದ್ದದ್ದು ಕಣ್ಣೆದುರೇ ಹರಿದು ಹೋಗುತ್ತಿತ್ತು. ಆಮೇಲೆ ಅದೇ ಟ್ಯೂಬನ್ನು ಫಿಲ್ಟರಿನ ಹಿಂದಿನ ಕಡೆಗೆ ಹಾಕಿದರು. ಅಲ್ಲೂ ಗುಳ್ಳೆ. ಅಂದರೆ ಫಿಲ್ಟರ್ ಮತ್ತು ಹ್ಯಾಂಡ್ ಪಂಪ್ ನಿರಪರಾಧಿಗಳು. ಗಾಳಿ ಬರುವುದು ಅದಕ್ಕಿಂತ ಹಿಂದೆ.

ಉಳಿದದ್ದು ಮನೆಯಲ್ಲಿ ನಾನೇ ಮಾಡಿದೆ. ಮೊದಲು ಐದು ಲೀಟರಿನ ಕ್ಯಾನ್‌ಗೆ ಡೀಸೆಲ್ ತುಂಬಿಸಿ ಬಾನೆಟ್ಟಿನ ಎತ್ತರಕ್ಕೆ ಇಟ್ಟು, ಫಿಲ್ಟರಿಗೆ ನೇರವಾಗಿ ಅದರಿಂದಲೇ ಹೋಸ್ ಕೊಟ್ಟೆ. ಮೂಗು ಮೇಲೆ, ರಾತ್ರಿಯಿಡೀ ನಿಂತರೂ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್. ಇಪ್ಪತ್ತು ಸಾವಿರದ ಪಂಪ್ ಕೂಡ ಅಲ್ಲಿಗೆ ಆರೋಪದಿಂದ ಬಿಡುಗಡೆ. ಆಮೇಲೆ ಉಕ್ಕಿನ ಪೈಪನ್ನು ಎರಡೂ ತುದಿಯಲ್ಲಿ ಬಿಚ್ಚಿ, ಎದುರಿನ ತುದಿಗೆ ಬಿರಡೆ ಹಾಕಿ, ಟ್ಯಾಂಕಿನ ಕಡೆಯಿಂದ ಸೈಕಲ್ ಪಂಪಿನಲ್ಲಿ ಹಗುರಕ್ಕೆ ಗಾಳಿ ತುಂಬಿದೆ. ಒಳಗೆ ಎಳೆಯುವ ತೂತು ಒತ್ತಡ ಕೊಟ್ಟರೆ ಹೊರಗೆ ಊದಲೇಬೇಕಲ್ಲ. ಉದ್ದಕ್ಕೂ ಸೋಪಿನ ನೀರು ಹಚ್ಚುತ್ತಾ ಬಂದೆ. ಪೈಪು ಚಾಸಿಸ್ ಬಿಟ್ಟು ಇಂಜಿನ್ ಕಡೆಗೆ ಮೇಲೇರುವ ಜಾಗದಲ್ಲಿ ಕೊನೆಯ ಕ್ಲಿಪ್ಪಿನ ಅಂಚಿನಿಂದ ನೊರೆ ಬಂತು.

ಕ್ಲಿಪ್ ಬಿಚ್ಚಿದರೆ ಒಳಗೆ ಮುರಕಲ್ಲಿನ ಕೆಂಪು ಮಣ್ಣು ಇಟ್ಟಿಗೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಸುರಿಯುವ ಊರು. ಆ ಮಣ್ಣು ಒಣಗುವುದೇ ಇಲ್ಲ. ಅದರ ಜೊತೆ ಉಪ್ಪು. ನಾನು ಪಡುಕೆರೆ, ಮರವಂತೆ ಅಂತ ಸಮುದ್ರದ ಬದಿಯಲ್ಲೇ ಅಡ್ಡಾಡುವವನು, ಮನೆಗೆ ಬಂದು ಬಾಡಿ ತೊಳೆಯುತ್ತಿದ್ದೆ, ಅಡಿ ತೊಳೆಯುತ್ತಿರಲಿಲ್ಲ. ಪೈಪನ್ನು ಬೆರಳಿನಿಂದ ಒರೆಸಿದಾಗ ತುಕ್ಕಿನ ಪುಡಿ ಉದುರಿ ಕೂದಲಿನಷ್ಟು ಸಣ್ಣ ತೂತು ಕಂಡಿತು. ಇನ್ನೊಂದು ವಿಷಯವನ್ನೂ ನೋಡಿದೆ. ಆ ಮಣ್ಣಿನ ಒಂದು ಮಗ್ಗುಲು ಎಣ್ಣೆ ಹೀರಿ ಕಪ್ಪಾಗಿತ್ತು. ಮೂಗು ಕೆಳಗಿದ್ದಾಗ, ಟ್ಯಾಂಕ್ ಫುಲ್ ಇದ್ದಾಗ ಅದೇ ತೂತಿನಿಂದ ಡೀಸೆಲ್ ಹೊರಗೆ ಜಿನುಗುತ್ತಿತ್ತು. ಮಣ್ಣು ಅದನ್ನು ಕುಡಿದು ನೆಲಕ್ಕೆ ಒಂದು ಹನಿಯೂ ಬೀಳದಂತೆ ನೋಡಿಕೊಂಡಿತ್ತು. ಗಾಡಿ ಚೆನ್ನಾಗಿದೆ ಅಂತ ನಾನು ಖುಷಿಪಟ್ಟ ದಿನಗಳಲ್ಲೇ ಅದು ನಿಜವಾಗಿ ಸೋರುತ್ತಿತ್ತು.

ಬೆವರು ಬಂದದ್ದು ಆಮೇಲೆ. ಅದೇ ಕ್ಲಿಪ್ಪಿನಲ್ಲಿ, ಅದೇ ಮಣ್ಣಿನಲ್ಲಿ ಪಕ್ಕಕ್ಕೆ ಅಂಟಿಕೊಂಡು ಇನ್ನೊಂದು ಪೈಪ್ ಇತ್ತು. ಬ್ರೇಕ್ ಪೈಪ್. ಉಗುರಿನಿಂದ ಕೆರೆದರೆ ಪದರ ಪದರವಾಗಿ ಎದ್ದು ಬಂತು. ತೂತಾಗಿರಲಿಲ್ಲ, ಅಷ್ಟೇ. ಹಿಂದಿನ ತಿಂಗಳು ಆರು ಜನರನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಇಳಿದಿದ್ದೆ. ಸ್ಟಾರ್ಟಿಂಗ್ ತೊಂದರೆ ಇಲ್ಲದಿದ್ದರೆ ನಾನು ಆ ಕ್ಲಿಪ್ ಬಿಚ್ಚುತ್ತಲೇ ಇರಲಿಲ್ಲ.

ರಿಪೇರಿಯ ಬಗ್ಗೆ ಜಗಳವಾಯಿತು. ನಮ್ಮ ರಸ್ತೆಯ ಮೆಕ್ಯಾನಿಕ್ ತುಕ್ಕು ಹಿಡಿದ ಗೇಣುದ್ದ ಕತ್ತರಿಸಿ ರಬ್ಬರ್ ಹೋಸ್ ಸಿಕ್ಕಿಸಿ ಎರಡು ಕ್ಲಿಪ್ ಬಿಗಿದರೆ ಹತ್ತು ನಿಮಿಷದ ಕೆಲಸ ಅಂದ. ದಾರಿಯಲ್ಲಿ ಕೈಕೊಟ್ಟಾಗ ಅದು ಸರಿ. ಕಾಯಂ ಆಗಿ ಬೇಡ ಅಂದೆ, ಎರಡು ಹೊಸ ಜಾಯಿಂಟ್ ಅಂದರೆ ಗಾಳಿಗೆ ಎರಡು ಹೊಸ ಬಾಗಿಲು. ತಾಮ್ರದ ಪೈಪ್ ಹಾಕೋಣ ಅಂದ. ಬಗ್ಗಿಸಲು ಸುಲಭ, ನಿಜ. ಆದರೆ ತಾಮ್ರ ಅದುರಿ ಅದುರಿ ಗಡಸಾಗಿ ಬಿರುಕು ಬಿಡುತ್ತದೆ, ಡೀಸೆಲ್ ಬೇಗ ಹಾಳಾಗಲೂ ಅದು ಕಾರಣವಾಗುತ್ತದೆ. ಕೊನೆಗೆ ಮಲ್ಪೆಯಲ್ಲೇ ಮುಂದಿನ ಭಾಗಕ್ಕೆ ಪೂರ್ತಿ 8 ಮಿ.ಮೀ. ಉಕ್ಕಿನ ಪೈಪ್ ಬಗ್ಗಿಸಿಕೊಂಡು ಬಂದೆ. ಹೋಸ್ ಜಾರದ ಹಾಗೆ ತುದಿಗೆ ಉಬ್ಬು ಕೊಡಿಸಿದೆ, ಬಣ್ಣ ಹೊಡೆದೆ, ಟ್ಯಾಂಕಿನ ಕಡೆಯ ತುಂಡು ಹೋಸೂ ಹೊಸದು ಹಾಕಿದೆ. ಬ್ರೇಕ್ ಪೈಪ್ ಮಾತ್ರ ನಾನು ಮುಟ್ಟಲಿಲ್ಲ. ಅದನ್ನು ಗ್ಯಾರೇಜಿನಲ್ಲಿ ಮಾಡಿಸಿ, ಏರ್ ತೆಗೆಸಿ, ಎದುರಿಗೇ ನಿಂತು ನೋಡಿದೆ. ಡೀಸೆಲ್ ಕಡೆಯ ಖರ್ಚು ಒಟ್ಟು ಸಾವಿರ ರೂಪಾಯಿಯೂ ಆಗಲಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಕಥೆ ಕೇಳಿದವರಲ್ಲಿ ಅರ್ಧ ಜನ “ಎಲ್ಲ ಈಗಿನ ಬಿಎಸ್6 ಡೀಸೆಲ್‌ನಿಂದ” ಅಂದರು. 2020ರ ಏಪ್ರಿಲ್ 1ರಿಂದ ದೇಶದೆಲ್ಲೆಡೆ ಸಿಗುವ, ಬಿಎಸ್6 ಎಂಬ ಮಾಲಿನ್ಯ ಮಾನದಂಡದ ಡೀಸೆಲ್‌ನಲ್ಲಿ ಗಂಧಕ ಹೆಚ್ಚೆಂದರೆ 10 ಪಿಪಿಎಂ (ಹತ್ತು ಲಕ್ಷಕ್ಕೆ ಹತ್ತು ಪಾಲು), ಹಿಂದಿನ ಬಿಎಸ್4ರಲ್ಲಿ 50 ಇತ್ತು. ಡೀಸೆಲ್‌ನ ಸ್ವರೂಪ ಬದಲಾದಾಗ ಹಿಂದಿನ ಡೀಸೆಲ್ ಕುಡಿದು ಉಬ್ಬಿದ್ದ ಹಳೇ ರಬ್ಬರ್ ಸೀಲ್‌ಗಳು ಕುಗ್ಗಿ ಗಾಳಿ ಬಿಡುವುದು ಬೇರೆ ದೇಶಗಳಲ್ಲೂ ಕಂಡಿದೆ. ಆದ್ದರಿಂದ ಇಪ್ಪತ್ತು ವರ್ಷದ ರಬ್ಬರ್ ಎಲ್ಲಿ ಕಂಡರೂ ಬದಲಾಯಿಸಿ. ಆದರೆ ಡೀಸೆಲ್ ಉಕ್ಕಿನ ಪೈಪನ್ನು ಹೊರಗಿನಿಂದ ತಿನ್ನುವುದಿಲ್ಲ. ಅದನ್ನು ತಿಂದದ್ದು ನಾನು ತೊಳೆಯದೇ ಬಿಟ್ಟ ಮಣ್ಣು. ಇನ್ನು ಎಥನಾಲ್ ಬೆರೆಸುತ್ತಾರೆ ಎಂದು ಬೈದವರಿಗೆ ಹೇಳಲು ಏನೂ ಇಲ್ಲ, ಆ ಇ20 (ಶೇಕಡಾ 20 ಎಥನಾಲ್) ಪೆಟ್ರೋಲ್ ವಿಷಯ.

ಆರ್‌ಸಿ ಆಗಸ್ಟ್‌ನಲ್ಲಿ ನವೀಕರಣವಾಯಿತು. ಅಲ್ಲಿ ವಿಶೇಷವೇನೂ ನಡೆಯಲಿಲ್ಲ.

ಪೈಪ್ ಹಾಕಿದ ಮೇಲೆ ಕಳೆದ ಸಲದ ಹಾಗೆ ಮೋಸ ಹೋಗಬಾರದೆಂದು ಒಂದು ತಿಂಗಳು ಟ್ಯಾಂಕ್ ಫುಲ್ ಮಾಡಿಸಲಿಲ್ಲ. ಮುಳ್ಳು ಕಾಲು ದಾಟದಂತೆ ಹತ್ತತ್ತು ಲೀಟರ್ ಹಾಕಿಸಿದೆ. ಬಂಕಿನ ಹುಡುಗ ನನ್ನ ಕಷ್ಟ ನೋಡಿ ಮರುಗಿದ್ದಿರಬೇಕು. ಗಾಡಿ ಪ್ರತಿ ರಾತ್ರಿ ಮೂಗು ಮೇಲೆ ಮಾಡಿಯೇ ನಿಂತಿತು. ನೋಟ್‌ಬುಕ್ಕಿನ ಪ್ರತಿ ಸಾಲಿನಲ್ಲೂ “1” ಅಂತಲೇ ಇದೆ. ನಡುವೆ ಎರಡು ದಿನ ಊರಿಗೆ ಹೋಗಿದ್ದಾಗ ನಿಂತೇ ಇದ್ದ ಗಾಡಿಯೂ ಒಂದೇ ಸಲಕ್ಕೆ ಎದ್ದಿತು. ಬಿಳಿ ಟ್ಯೂಬನ್ನು ಅಲ್ಲಿಯವರೆಗೂ ಫಿಲ್ಟರ್ ಹತ್ತಿರ ಬಿಟ್ಟಿದ್ದೆ, ದಿನಾ ಬೆಳಿಗ್ಗೆ ಟಾರ್ಚ್ ಹಾಕಿ ನೋಡುತ್ತಿದ್ದೆ. ಗುಳ್ಳೆ ಒಂದೂ ಇಲ್ಲ. ಪಿವಿಸಿ ಡೀಸೆಲ್‌ಗೆ, ಇಂಜಿನ್ ಬಿಸಿಗೆ ತುಂಬಾ ದಿನ ಬಾಳುವುದಿಲ್ಲ. ಆಗಲೇ ಹಳದಿಯಾಗಿ ಗಡಸಾಗುತ್ತಾ ಬಂದಿತ್ತು. ಮೂವತ್ತೊಂದನೆಯ ದಿನ ಅದನ್ನು ತೆಗೆದು ಮಾಮೂಲಿ ಕಪ್ಪು ಹೋಸ್ ಹಾಕಿದೆ, ಹ್ಯಾಂಡ್ ಪಂಪ್ ಗಟ್ಟಿಯಾಗುವವರೆಗೆ ಒತ್ತಿದೆ, ಟ್ಯಾಂಕ್ ಫುಲ್ ಮಾಡಿಸಿದೆ.